ಕಂಕುಳಲ್ಲಿ ಕೂಸಿರಲಿಲ್ಲ

ಮಾರ್ಚ್ ೯, ಭಾನುವಾರ
ಹೊಲಿಗೆ ಕೋಣೆಯಿಂದ

ನನ್ನ ಮುದ್ದು ಗುಂಡುಸೂಜಿಗೆ,

ಅಮ್ಮ ಕಾಗದ ಬರೆದಿದ್ದಾಳೆಂದರೆ ಯಾರಿಗೋ ಏನೋ ಆಗಿದೆ ಎಂದು ಎದೆ ಒಡೆದುಕೊಳ್ಳಬೇಡ. ಯಾರಿಗೂ ಏನೂ ಆಗಿಲ್ಲ. ನಾನು ಚೆನ್ನಾಗಿದ್ದೇನೆ, ಹೊಲಿಗೆ ಮಿಷನ್ನು ಚೆನ್ನಾಗಿದೆ, ಕತ್ತರಿಸುವ ಮೇಜಿನ ಕೆಳಗೆ ನೀನು ಇಟ್ಟುಹೋದ ಕಂಪ್ಯೂಟರೂ ಚೆನ್ನಾಗಿದೆ. ನಿಜ ಹೇಳಬೇಕೆಂದರೆ, ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಯಿಂದ ನಾನು ಎರಡು ವರ್ಷಗಳಲ್ಲಿ ಎಂದೂ ಇಲ್ಲದಷ್ಟು ಚೆನ್ನಾಗಿದ್ದೇನೆ. ಅದು ಯಾಕೆ ಎಂದು ಹೇಳಲು ಈ ಕಾಗದ. ಫೋನಿನಲ್ಲಿ ಹೇಳೋಣವೆಂದು ಎಷ್ಟೋ ಸಲ ಹೊರಟೆ. ನಿನ್ನ ಧ್ವನಿ ಕೇಳಿದ ಕೂಡಲೇ ಊಟ ಆಯ್ತಾ ಅಂತ ಬಾಯಿಗೆ ಬರುತ್ತಿತ್ತು, ಹೇಳಬೇಕಾದ್ದು ಹಾಗೇ ಉಳಿಯುತ್ತಿತ್ತು.

ನಮ್ಮ ಸಂಖ್ಯೆ ಒಡೆದ ಸುದ್ದಿ ನಿನಗೆ ಆಗಲೇ ತಲುಪಿರುತ್ತದೆ. ಇನ್ನೂರ ಹದಿಮೂರು ಅಂಕಿಗಳ ಆ ಮಹಾರಾಯ ಕೊನೆಗೂ ಎರಡಾದ. ಆಸ್ಪತ್ರೆಯಲ್ಲಿ ನಿನ್ನ ಯಂತ್ರಗಳ ನಡುವೆಯೇ ನೀನು ಕುಣಿದಿರುತ್ತೀಯ ಎಂದು ನನಗೆ ಗೊತ್ತು. ನಾನೂ ಕುಣಿದೆ. ಆದರೆ ನನ್ನ ಕುಣಿತದ ಕಾರಣ ಬೇರೆ, ಅದನ್ನು ಕೂತುಕೊಂಡು ಓದು.

ಎರಡು ವರ್ಷದ ಹಿಂದೆ, ಮೊದಲನೇ ಹಂತದಲ್ಲಿ, ನಾನು ಭಾನುವಾರ ಭಾನುವಾರ ಕಳಿಸಿದ ಎಣಿಕೆಯಲ್ಲಿ ಹದಿನಾಲ್ಕು ವಾರದ್ದು ಸುಳ್ಳು. ಕಂಪ್ಯೂಟರು ನಿಂತಿತ್ತು. ನಾನು ನಡೆಯುತ್ತಿದೆ ಎಂದು ಬರೆದೆ.

ಬರೆದೇಬಿಟ್ಟೆ ನೋಡು. ಇನ್ನು ಮಿಕ್ಕದ್ದು ಸುಲಭ.

ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದು. ಎರಡು ಸಂಖ್ಯೆಗಳನ್ನು ಗುಣಿಸುವುದು ಎರಡು ತುಂಡು ಬಟ್ಟೆ ಸೇರಿಸಿ ಹೊಲಿದಷ್ಟು ಸುಲಭ. ಹೊಲಿಗೆ ಕಾಣದಂತೆ ಹೊಲಿದ ಮೇಲೆ ಎಲ್ಲಿ ಬಿಚ್ಚಬೇಕೆಂದು ಹುಡುಕುವುದೇ ಕಷ್ಟ. ಅದಕ್ಕೆ ನಿಮ್ಮ ಗುಂಪಿನವರು, ನಲವತ್ತಮೂರು ಜನ, ಮನೆಯಲ್ಲಿ ಸುಮ್ಮನೆ ಕೂತಿರುವ ಕಂಪ್ಯೂಟರುಗಳನ್ನೆಲ್ಲ ಕೆಲಸಕ್ಕೆ ಹಚ್ಚುತ್ತೀರಿ. ಮೊದಲು, ಐವತ್ತೈದು ಅಂಕಿಯೊಳಗಿನ ಚಿಕ್ಕ ಅಪವರ್ತನ ಯಾವುದಾದರೂ ಅಡಗಿದೆಯೇ ಎಂದು ಸುತ್ತಿನ ಮೇಲೆ ಸುತ್ತು ತಡಕಾಡಬೇಕು. ಹದಿನೆಂಟು ಸಾವಿರ ಸುತ್ತು ತಡಕಿದರೂ ಸಿಗದಿದ್ದರೆ ಬಹುಮಟ್ಟಿಗೆ ಇಲ್ಲವೆಂದೇ ಅರ್ಥ. ಆಮೇಲೆ ಎರಡನೇ ಹಂತ. ಅದು ಜರಡಿ ಹಿಡಿಯುವ ಕೆಲಸ, ತಿಂಗಳುಗಟ್ಟಲೆ ಎಲ್ಲರೂ ಸೇರಿ ‘ಸಂಬಂಧ’ ಎಂದು ನೀವು ಕರೆಯುವ ಲೆಕ್ಕದ ತುಣುಕುಗಳನ್ನು ಕೂಡಿಹಾಕುವುದು. ಎಂಬತ್ತು ಕೋಟಿ ಸಂಬಂಧ ಬೇಕು ಅಮ್ಮಾ ಅಂತ ನೀನು ಫೋನಿನಲ್ಲಿ ಹೇಳಿದಾಗ, ನಿನಗೆ ಒಂದು ಒಳ್ಳೇ ಸಂಬಂಧ ಕೂಡಿಬಂದರೆ ಸಾಕಿತ್ತಲ್ಲೇ ಅಂತ ನಾನಂದದ್ದು, ನೀನು ಮೂರು ದಿನ ಮಾತು ಬಿಟ್ಟದ್ದು ನೆನಪಿದೆ ತಾನೇ.

ಆ ಮೊದಲ ಹಂತದ ಉಸ್ತುವಾರಿಯನ್ನು ನಿಮ್ಮ ಗುಂಪಿನ ಹಿರಿಯರು, ಜರಡಿಯಜ್ಜ, ನಿನಗೆ ವಹಿಸಿದ್ದರು. ಮೂವತ್ತು ವರ್ಷ ಲಿಫ್ಟುಗಳ ತಪಾಸಣೆ ಮಾಡಿ ನಿವೃತ್ತರಾದ ಮನುಷ್ಯ, ಯಾರಿಗೂ ಯಾವುದನ್ನೂ ಸುಮ್ಮನೆ ವಹಿಸುವವರಲ್ಲ. ಇಪ್ಪತ್ತೆರಡು ವರ್ಷದ ಹುಡುಗಿಗೆ ವಹಿಸಿದರು. ಅದೇ ಹೊತ್ತಿಗೆ ನಿನಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊರಡುವ ದಿನ ನನಗೆ ಹೇಳಿಕೊಟ್ಟೆ: ಅಮ್ಮಾ, ಇದನ್ನ ಆರಿಸ್ಬೇಡ. ಭಾನುವಾರ ಪರದೆ ಮೇಲಿನ ಸುತ್ತಿನ ಸಂಖ್ಯೆ ನೋಡಿ ಗುಂಪಿನ ಪಟ್ಟಿಯಲ್ಲಿ ಬರಿ. ಪಕ್ಕದಲ್ಲಿ ‘ಏನೂ ಸಿಗಲಿಲ್ಲ’ ಅಂತ ಬರಿ, ಅಷ್ಟೇ. ಪಟ್ಟಿಯಲ್ಲಿ ನನಗೆ ‘ಕತ್ತರಿ’ ಎಂದು ಹೆಸರಿಟ್ಟೆ. ನನಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಐದಾರು ವಾರ ಎಲ್ಲ ನೆಟ್ಟಗೆ ನಡೆಯಿತು. ಒಂದು ಬುಧವಾರ, ದಾದಿಯರ ಕೋಟುಗಳಿಗೆ ಕಾಜ ಮಾಡುತ್ತ ಕೂತಿದ್ದೆ. ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಬಗ್ಗಿ ನೋಡಿದರೆ ದೀಪವಿಲ್ಲ, ಗಾಳಿಯ ಸದ್ದಿಲ್ಲ, ಡಬ್ಬ ಮುಟ್ಟಿದರೆ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ಗುಂಡಿ ಒತ್ತಿದೆ, ಉಸಿರಾಡಲಿಲ್ಲ. ನಾನೇ ಏನೋ ಮಾಡಿ ಸುಟ್ಟೆ ಎಂದುಕೊಂಡೆ. ರಿಪೇರಿಯವರು ಬಂದು ಮುಚ್ಚಳ ಬಿಚ್ಚಿದಾಗ ಒಳಗೆ ಅರ್ಧ ದಿಂಬಿಗಾಗುವಷ್ಟು ಅರಳೆ, ನೂಲಿನ ಚೂರು, ಬಟ್ಟೆಯ ಧೂಳು. ಅಮ್ಮಾವ್ರೇ, ಇದಕ್ಕೆ ಹೊದಿಕೆ ಹೊಲೀತಾ ಇದ್ರಾ ಅಂತ ಕೇಳಿದರು. ಊದಿ ತೆಗೆದರೆ ಮತ್ತೆ ಓಡಿತು.

ಆದರೆ ಅದು ಕೆಟ್ಟ ವಾರವೇ ನಿನಗೆ ಕೆಲಸ ಖಾಯಂ ಆಗುವ ಪರೀಕ್ಷೆ. ಹೇಳಿದರೆ ನೀನು ಅಲ್ಲಿಂದ ಓಡಿಬರುತ್ತೀಯ ಎಂದು ಭಾನುವಾರ ಒಂದು ಸಂಖ್ಯೆ ಬರೆದುಬಿಟ್ಟೆ. ನಾನೂರ ಹನ್ನೆರಡು, ಏನೂ ಸಿಗಲಿಲ್ಲ. ಮುಂದಿನ ವಾರ ಮುನ್ನೂರ ತೊಂಬತ್ತೆಂಟು. ಅದರ ಮುಂದಿನ ವಾರ ನಾನೂರ ಐದು. ಒಂದೇ ಸಂಖ್ಯೆ ಬರೆದರೆ ಅನುಮಾನ ಬರುತ್ತದೆಂದು ಹೆಚ್ಚುಕಮ್ಮಿ ಮಾಡುತ್ತಿದ್ದೆ. ಸುಳ್ಳಿಗೂ ಅಳತೆ ಹಿಡಿಯುವ ದರ್ಜಿ ಬುದ್ಧಿ. ಎಲ್ಲರೂ ಬರೆಯುತ್ತಿದ್ದುದೂ ಏನೂ ಸಿಗಲಿಲ್ಲ ಎಂದೇ ಅಲ್ಲವೇ, ಇದರಿಂದ ಯಾರಿಗೇನು ನಷ್ಟ ಎಂದುಕೊಂಡೆ. ಹದಿನಾಲ್ಕು ಭಾನುವಾರಕ್ಕೆ ಐದು ಸಾವಿರದ ಏಳುನೂರು ಚಿಲ್ಲರೆ ಸುತ್ತು ಆಯಿತು. ಅಂದರೆ ನಿನ್ನ ಹದಿನೆಂಟು ಸಾವಿರದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಅದನ್ನು ನಂಬಿ ನೀನು ಗುಂಪಿಗೆ, ಚಿಕ್ಕದು ಇಲ್ಲ, ಜರಡಿ ಶುರುಮಾಡಬಹುದು ಎಂದು ಮಾತು ಕೊಟ್ಟೆ. ನಲವತ್ತಮೂರು ಮನೆಗಳ ಕಂಪ್ಯೂಟರುಗಳು ನಿನ್ನ ಮಾತಿನ ಮೇಲೆ ಹೊರಟವು.

ನಾನು ಮಾಡಿದ್ದೇನು ಎಂದು ನನಗೆ ತಿಳಿದದ್ದು ಜರಡಿ ಶುರುವಾದ ಎರಡು ತಿಂಗಳ ಮೇಲೆ. ಬೇರೆ ಯಾವುದೋ ಗುಂಪಿನವರು ವರ್ಷವಿಡೀ ಜರಡಿ ಹಿಡಿದು ಕೊನೆಗೆ ನೋಡಿದರೆ ಸಿಕ್ಕಿದ್ದು ನಲವತ್ತಾರು ಅಂಕಿಯ ಅಪವರ್ತನವಂತೆ. ಮೊದಲ ಹಂತವನ್ನು ನೆಟ್ಟಗೆ ಮಾಡಿದ್ದರೆ ವಾರದಲ್ಲಿ ಸಿಗುತ್ತಿತ್ತು. ಪಾಪ, ಅವರನ್ನು ಎಲ್ಲರೂ ಆಡಿಕೊಂಡರು. ಜರಡಿಯಜ್ಜ ಬರೆದರು: ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರು. ಅದರ ಕೆಳಗೇ ಇನ್ನೊಂದು ಸಾಲು: ನಮಗೆ ಆ ಭಯ ಇಲ್ಲ, ನಮ್ಮ ಕಂಕುಳು ನೋಡಿದ್ದು ಗುಂಡುಸೂಜಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ನಾನು ಕೂತಲ್ಲೇ ಕಂಕುಳು ಮುಟ್ಟಿ ನೋಡಿಕೊಂಡೆ.

ಆಗಲೇ ಹೇಳಬೇಕಿತ್ತು. ಹೇಳುವವಳಿದ್ದೆ. ಆ ಭಾನುವಾರವೇ ನೀನು ನಿನ್ನ ವಿಭಾಗದ ಆ ಮನುಷ್ಯನ ವಿಷಯ ಹೇಳಿದೆ, ಯಂತ್ರ ತೆರೆದೇ ನೋಡದೆ ‘ಪರೀಕ್ಷಿಸಿದೆ, ದೋಷವಿಲ್ಲ’ ಎಂದು ಸಹಿ ಹಾಕಿ ಸಿಕ್ಕಿಬಿದ್ದವನ ವಿಷಯ. ನೋಡ್ದೇನೇ ನೋಡ್ದೆ ಅಂತ ಬರೆಯೋರ ಮುಖ ನೋಡೋಕೂ ನಂಗಿಷ್ಟ ಇಲ್ಲಮ್ಮ ಅಂದೆ. ನಾನು ಹೌದು ಹೌದು ಎಂದೆ. ನಿನಗೆ ಫೋನಿನಲ್ಲಿ ನನ್ನ ಮುಖ ಕಾಣದಿದ್ದುದೇ ನನ್ನ ಪುಣ್ಯ.

ಅಲ್ಲಿಂದ ಇಪ್ಪತ್ತು ತಿಂಗಳು. ಜರಡಿ ಕೆಲಸದಲ್ಲಿ ನಾನು ಒಂದೇ ಒಂದು ಸಂಬಂಧವನ್ನೂ ಸುಳ್ಳು ಕೊಟ್ಟಿಲ್ಲ. ಕೊಡಲು ಆಗುವುದೂ ಇಲ್ಲ ಅನ್ನು, ಅವನ್ನು ಪರೀಕ್ಷೆ ಮಾಡುತ್ತಾರೆ. ವಾರಕ್ಕೊಮ್ಮೆ ಡಬ್ಬದ ಧೂಳು ತೆಗೆದೆ, ಕತ್ತರಿಸುವ ಮೇಜನ್ನೇ ಆಚೆ ಗೋಡೆಗೆ ಸರಿಸಿದೆ. ಆದರೆ ಒಳಗಿನ ಕಲ್ಲು ಸರಿಯಲಿಲ್ಲ. ಕೊನೆಗೆ ಚಿಕ್ಕದೇನಾದರೂ ಸಿಕ್ಕಿದರೆ ನಲವತ್ತಮೂರು ಜನ ನಿನ್ನ ಮುಖ ನೋಡುತ್ತಾರೆ. ನೀನು ನಿನ್ನ ಪಟ್ಟಿ ತೆರೆದು ಎಲ್ಲಿ ತಪ್ಪಿತೆಂದು ಹುಡುಕುತ್ತೀಯ, ಎಲ್ಲರನ್ನೂ ಅನುಮಾನಿಸುತ್ತೀಯ, ನನ್ನನ್ನು ಮಾತ್ರ ಅನುಮಾನಿಸುವುದಿಲ್ಲ. ಅದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ, ಕೂಡಿಟ್ಟ ಸಂಬಂಧಗಳಿಂದ ಸಂಖ್ಯೆ ಒಡೆಯುವ ಕೊನೆಯ ಲೆಕ್ಕ ನಡೆಯುತ್ತಿತ್ತು. ಪ್ರತಿ ಪ್ರಯತ್ನಕ್ಕೂ ನಾಣ್ಯ ಚಿಮ್ಮಿದಷ್ಟೇ ಭರವಸೆ ಎಂದು ಅಜ್ಜ ಮೊದಲೇ ಹೇಳಿದ್ದರು. ಮೊದಲನೆಯದು ಬರಿಗೈ. ಎರಡನೆಯದು ಬರಿಗೈ. ನೀನು ಡ್ಯೂಟಿಯಲ್ಲಿದ್ದೆ, ನಾನು ಒಬ್ಬಳೇ ಪರದೆಯ ಮುಂದೆ ಕೋಟಿನ ತೋಳು ಜೋಡಿಸುತ್ತ ಕೂತಿದ್ದೆ. ಮೂರನೆಯದೂ ಬರಿಗೈ. ನಾಲ್ಕನೆಯದಕ್ಕೆ ಪರದೆಯ ಮೇಲೆ ಎರಡು ಸಾಲು ಅಂಕಿಗಳು ಬಂದು ಕೂತವು. ಎಲ್ಲರೂ ಒಡೀತು ಒಡೀತು ಎಂದು ಬರೆಯತೊಡಗಿದರು. ನಾನು ಪೆನ್ಸಿಲಿನ ಹಿಂಭಾಗ ಹಿಡಿದು ಚಿಕ್ಕ ಸಾಲಿನ ಅಂಕಿಗಳನ್ನು ಎಡದಿಂದ ಎಣಿಸಲು ಶುರುಮಾಡಿದೆ. ಮೂವತ್ತು. ನಲವತ್ತಾರಕ್ಕೆ ಆ ಪಾಪದ ಗುಂಪು ನೆನಪಾಯಿತು. ಐವತ್ತು. ಐವತ್ತೈದು. ಐವತ್ತಾರು ಎಂದು ಬಾಯಿಬಿಟ್ಟು ಹೇಳಿದೆ, ಸಾಲು ಇನ್ನೂ ಮುಂದಕ್ಕಿತ್ತು. ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ ಕೂತುಬಿಟ್ಟೆ. ಆಮೇಲೆ ಎದ್ದು ಪೂರ್ತಿ ಎಣಿಸಿದೆ, ತೊಂಬತ್ತೆಂಟು. ಇನ್ನೊಂದು ಸಾಲು ನೂರ ಹದಿನಾರು. ಕಂಕುಳಲ್ಲಿ ಕೂಸಿರಲಿಲ್ಲ ಮಗಳೇ. ನಾನು ಆ ಸುತ್ತುಗಳನ್ನು ಪ್ರಾಮಾಣಿಕವಾಗಿ ತಡಕಿದ್ದರೂ ಏನೂ ಸಿಗುತ್ತಿರಲಿಲ್ಲ. ಯಾರ ಒಂದು ದಿನವೂ ನನ್ನಿಂದ ಹಾಳಾಗಲಿಲ್ಲ. ಹೋದ ಜೀವ ಬಂದಂತಾಯಿತು. ಎಷ್ಟು ಹಗುರಾದೆನೆಂದರೆ ಕೋಟಿಗೆ ಎರಡೂ ಎಡದ ತೋಳನ್ನೇ ಜೋಡಿಸಿದ್ದೆ, ಬಿಚ್ಚುವಾಗ ನಗುತ್ತಲೇ ಬಿಚ್ಚಿದೆ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮಧ್ಯಾಹ್ನ ಜರಡಿಯಜ್ಜನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: ಸಿಕ್ಕಿದ್ದನ್ನ ಯಾರು ಬೇಕಾದ್ರೂ ಗುಣಿಸಿ ನೋಡ್ಬಹುದು ಕಣಮ್ಮ. ಸಿಗಲಿಲ್ಲ ಅನ್ನೋದಕ್ಕೆ ಹೇಳಿದೋರ ಮಾತೊಂದೇ ಆಧಾರ. ಅದೃಷ್ಟ ನೆಟ್ಟಗಿತ್ತು ಅಂತ ಎಣಿಕೆ ನೆಟ್ಟಗಿತ್ತು ಅನ್ನೋಕಾಗಲ್ಲ. ನಾನು ಹೌದೆಂದೆ. ನನ್ನ ಹದಿನಾಲ್ಕು ವಾರವನ್ನು ಪಟ್ಟಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ನೋಡಿರಲಿಲ್ಲ’ ಎಂದು ಬರೆಯುತ್ತಾರಂತೆ. ಕತ್ತರಿ ಯಾರೆಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ತಿದ್ದಿದ ಪಟ್ಟಿಯನ್ನು ಶುಕ್ರವಾರದವರೆಗೆ ಹಾಕಲ್ಲ, ಮಗಳಿಗೆ ನೀವೇ ಮೊದಲು ಹೇಳಿ ಎಂದರು. ಫೋನಿಡುವ ಮುಂಚೆ, ಜರಡಿಯಲ್ಲಿ ಕತ್ತರಿ ಕೊಟ್ಟಿರೋ ಸಂಬಂಧ ಅಷ್ಟೂ ಚೊಕ್ಕ ಇದೆ, ಅದನ್ನ ಯಾರೂ ಹೊಡೆಯೋಕಾಗಲ್ಲ ಎಂದೂ ಸೇರಿಸಿದರು. ಲಿಫ್ಟು ನೋಡಿದ ಮನುಷ್ಯ, ಮೇಲಕ್ಕೂ ಕಳಿಸುತ್ತಾರೆ ಕೆಳಕ್ಕೂ ಇಳಿಸುತ್ತಾರೆ.

ನಿನಗೆ ಸಿಟ್ಟು ಬಂದರೆ ಬರಲಿ. ಮೂರು ದಿನವಲ್ಲ, ಮೂರು ವಾರ ಮಾತು ಬಿಡು, ತಾಳಿಕೊಳ್ಳುತ್ತೇನೆ. ನೀನು ನನ್ನನ್ನು ಅನುಮಾನಿಸದೆ ಇರುವುದನ್ನು ತಾಳಿಕೊಳ್ಳುವುದೇ ಕಷ್ಟವಾಗಿತ್ತು. ಈ ಕಾಗದವನ್ನು ಅಂಚೆಗೆ ಹಾಕಿ ಬಂದು ಹೊಟ್ಟೆ ತುಂಬ ಉಂಡು ಮಲಗುತ್ತೇನೆ.

ಎರಡೂ ಎಡಗೈ ತೋಳಿನ ದರ್ಜಿ,
ನಿನ್ನ ಅಮ್ಮ

ತಾ.ಕ.: ಅಂಟು ಹಾಕಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ರಿಪೇರಿಯವರು ಬಂದದ್ದು ಹದಿನಾಲ್ಕು ವಾರ ಕಳೆದ ಮೇಲೆ ಎಂದು ನೀನು ತಿಳಿಯುವಂತೆ ಮೇಲೆ ಬರೆದಿದ್ದೇನೆ. ಅವರು ಬಂದದ್ದು ಎರಡನೇ ವಾರದ ಕೊನೆಗೆ. ಕಂಪ್ಯೂಟರು ಓಡುತ್ತಿತ್ತು. ಆ ವಾರದ ಶನಿವಾರ ಹೊಲಿಗೆ ಮಿಷನ್ನಿನ ಸೂಜಿ ನನ್ನ ತೋರುಬೆರಳಿನ ಉಗುರು ದಾಟಿ ಆಚೆ ಬಂದಿತ್ತು. ನಿನಗೆ ಹೇಳಬೇಕೆಂದು ಭಾನುವಾರದ ಫೋನಿಗಾಗಿ ಬೆಳಿಗ್ಗೆಯಿಂದ ಕಾದೆ. ನೀನು ಕಂಪ್ಯೂಟರ್ ಹೇಗಿದೆ, ಎಷ್ಟು ಸುತ್ತು ಆಯ್ತು ಅಂತ ಕೇಳಿದೆ, ಬರೆದುಕೊಂಡೆ, ಡ್ಯೂಟಿಗೆ ಹೊತ್ತಾಯ್ತಮ್ಮ ಎಂದು ಫೋನಿಟ್ಟೆ. ನಾನು ಹೋಗಿ ಡಬ್ಬದ ತಂತಿ ಕಿತ್ತೆ. ಮಿಕ್ಕ ಹನ್ನೆರಡು ವಾರ ಅದು ಕೆಟ್ಟಿರಲಿಲ್ಲ, ನಾನು ಹಾಕಲಿಲ್ಲ, ಅಷ್ಟೇ. ತಗಡಿನ ಡಬ್ಬದ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಜರಡಿಯಜ್ಜನಿಗೆ ಹೇಳಲು ನಾಚಿಕೆಯಾಯಿತು, ಅವರಿಗೆ ಧೂಳಿನ ಕಥೆಯನ್ನೇ ಹೇಳಿದ್ದೇನೆ. ನೀನು ಬೇಕಾದರೆ ತಿದ್ದಿ ಹೇಳು. ಬೆರಳು ಆಗಲೇ ವಾಸಿಯಾಗಿದೆ, ಉಗುರು ಮಾತ್ರ ಸೊಟ್ಟಗೆ ಬೆಳೆದಿದೆ, ಬಂದಾಗ ನೋಡು.