ಬಾನೆಟ್ ಮೇಲಿನ ಬೆಕ್ಕು

ಮಾವ,

ನಾನು ಬಸ್ಸಿಗೆ ಹೊರಟೆ. ಕಾರು ಇವತ್ತೂ ಮುಷ್ಕರ ಹೂಡುತ್ತಾ ಅಂತ ನೋಡೋಕೆ ಹೋಗಲಿಲ್ಲ. ನೀವೂ ಹೋಗಬೇಡಿ.

ಮೆಕ್ಯಾನಿಕ್ ಒಂಬತ್ತಕ್ಕೆ ಬರ್ತಾನೆ, ಇದು ಮೂರನೇ ಸಲ. ಚಳಿ ಬಿದ್ದ ಬೆಳಗ್ಗೆ ನಾನು ಡ್ಯೂಟಿಗೆ ಹೊರಟರೆ ಕೆಮ್ಮಿ ಕೆಮ್ಮಿ ಸುಮ್ಮನಾಗೋ ಕಾರು, ಅವನು ಬಂದಾಗ ಎರಡು ಸಲವೂ ಒಂದೇ ಏಟಿಗೆ ಸ್ಟಾರ್ಟ್ ಆಗಿ ನನ್ನ ಮರ್ಯಾದೆ ತೆಗೀತು. "ಮೇಡಂ, ಕಾರಿಗೇನೂ ಆಗಿಲ್ಲ" ಅಂತ ನನ್ನನ್ನೇ ಮೇಲಿಂದ ಕೆಳಗೆ ನೋಡಿದ. ನಿಮ್ಮ ಮಗ ಬೇರೆ ನಕ್ಕರು.

ಆದರೆ ಆ ಎರಡನೇ ಸಲ, ಅವನು ಕೀ ತಿರುಗಿಸೋ ಮುಂಚೆಯೇ ನಮ್ಮ ಬೆಕ್ಕು ಕಣ್ಣಿಗೆ ಬಿದ್ದಿತ್ತು. ಬಾನೆಟ್ ಮೇಲೆ ಕಾಲು ಚಾಚಿ ಮಲಗಿತ್ತು. ತಣ್ಣನೆ ತಗಡಿನ ಮೇಲೆ ಮಲಗೋ ಬೆಕ್ಕಲ್ಲ ಅದು. ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಅವನು ಬರೋ ಮುಂಚೆ ಕಾರನ್ನ ಬಿಸಿ ಮಾಡಿಡೋದು ಯಾರು ಅಂತ ಇನ್ನು ಕೇಳಬೇಕಾ? ಶುಗರ್ ಟೆಸ್ಟಿಗೆ ಎರಡು ದಿನ ಇದೆ ಅನ್ನೋವಾಗ ಮಾತ್ರ ಸಿಹಿ ಬಿಡೋರಲ್ವಾ ನೀವು! ಬಿಸಿ ಇಂಜಿನ್ನಿನಲ್ಲಿ ರೋಗ ಕಾಣಿಸಲ್ಲವಂತೆ. ರಾತ್ರಿಯಿಡೀ ಮುಟ್ಟದೆ ತಣ್ಣಗೆ ಬಿಟ್ಟರೇನೇ ಸಿಗೋದಂತೆ.

ರೋಗ ಸಿಕ್ಕಿದರೂ ಯಾರೂ ಕಾರನ್ನ ಗುಜರಿಗೆ ಹಾಕಲ್ಲ. ಅತ್ತೆ ಇದ್ದಾಗ ನಿಮ್ಮ ಪಕ್ಕ ಕೂತು ಓಡಾಡಿದ ಕಾರು ಅಂತ ನನಗೂ ಗೊತ್ತು. ರಿಪೇರಿ ಮಾಡಿಸೋಕೇ ಇಷ್ಟು ಒದ್ದಾಡ್ತಿರೋದು.

ಎರಡೂ ಕೀ ನಿನ್ನೆಯೇ ಮೆಕ್ಯಾನಿಕ್ ಕೈಗೆ ಕೊಟ್ಟಿದ್ದೀನಿ. ಹುಡುಕಿ ಮನೆ ತಲೆಕೆಳಗು ಮಾಡಬೇಡಿ. ಕಾಫಿ ಫ್ಲಾಸ್ಕಲ್ಲಿದೆ, ಸಕ್ಕರೆ ಹಾಕಿಲ್ಲ.

ಬೆಕ್ಕು ಇವತ್ತೊಂದು ದಿನ ನಿಮ್ಮ ತೊಡೆ ಮೇಲೆ ಮಲಗಲಿ.

ಸೊಸೆ