ಅಪ್ಪನ ರೈಫಲ್ ಟ್ರೂಡಿಯ ಕೈಗೆ

ಜೂಡಿತ್ ಗ್ಯಾಪ್, ಮೊಂಟಾನಾ
19 ಅಕ್ಟೋಬರ್ 1978

ಪ್ರೀತಿಯ ಲೋರೀನ್,

ನಿನ್ನ ಅಕ್ಕ ಬದುಕಿದ್ದಾಳೆ, ಗಾಬರಿ ಬೇಡ. ಎರಡು ಕಾಗದಕ್ಕೂ ಉತ್ತರ ಬರೆಯದೆ ತಿಂಗಳು ಕಳೆದೆ, ಬೈಯುವುದಿದ್ದರೆ ಬೈದುಬಿಡು. ಕರುಗಳನ್ನು ಲಾರಿಗೆ ಹತ್ತಿಸುವುದಿತ್ತು, ನಿನ್ನ ಭಾವ ಐನರ್‌ಗೆ ಬೆನ್ನುನೋವು ಎಂದೆಲ್ಲ ನೆಪ ಹೇಳಬಹುದು. ನಿಜವೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದುಹೋಗಿ, ಖಾಲಿ ರೈಫಲನ್ನೇ ಮತ್ತೆ ತೆರೆದು ನೋಡಿ ಬಂದೆ.

ನಿನ್ನ ಮಗಳು ಬಂದು ವಾರವಾಯಿತು. ಭಾನುವಾರ ಎಲ್ಕ್ ಜಿಂಕೆಗಳ ಬೇಟೆ ಶುರು. "ತಾತನ ಲಿವರ್ ರೈಫಲ್ಲೇ ಬೇಕು ದೊಡ್ಡಮ್ಮಾ" ಎಂದು ಟ್ರೂಡಿಯ ಹಟ. ಐನರ್ ಬೇರೆ, "ಕೊಡೇ, ಅದಕ್ಕೇನು ಕಾವು ಕೊಟ್ಟು ಮರಿ ಮಾಡಿಸ್ತೀಯಾ?" ಎಂದು ನಗುತ್ತಾನೆ.

ನಿನ್ನೆ ಕೊಟ್ಟಿಗೆಯ ಹಿಂದೆ ಕಲಿಸಲು ನಿಂತೆ. ಕುದುರೆ ಮೇಲಿರುವಾಗ ಗುಂಡುಗಳು ನಳಿಗೆಯ ಕೆಳಗಿನ ಕೊಳವೆಯಲ್ಲೇ ಇರಬೇಕು, ಒಂದೂ ನಳಿಗೆಗೆ ಏರಿರಬಾರದು. ಎಲ್ಕ್ ಕಂಡು, ಇಳಿದು ನಿಂತ ಮೇಲೆಯೇ ಟ್ರಿಗರಿನ ಸುತ್ತಲ ಲಿವರ್ ಎಳೆದು ಗುಂಡು ಏರಿಸುವುದು. ಹೊಡೆಯದೆ ಹಿಂತಿರುಗುವುದಾದರೆ ನಳಿಗೆಯ ಬಾಯಿ ನೆಲಕ್ಕೆ, ಬೆರಳು ಟ್ರಿಗರಿನಿಂದ ದೂರ. ಹಾಕಿದ ಐದೂ ಗುಂಡು ಹೊರಬೀಳುವವರೆಗೆ ಲಿವರ್ ಆಡಿಸಬೇಕು. ಆಮೇಲೂ ಕಣ್ಣಿಂದ ನೋಡಿ, ಬೆರಳಿಟ್ಟು ಮುಟ್ಟಬೇಕು.

"ಎಲ್ಲಾ ಹಿಮದಲ್ಲಿ ಬೀಳತ್ತಲ್ಲ! ಗುಂಡಿಗೆ ಬಡಿಯೋ ಹ್ಯಾಮರನ್ನ ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿದ್ರೆ ಸಾಲದಾ?" ಅಂದಳು.

"ಬೀಳ್ಲಿ! ಬಗ್ಗಿ ಹೆಕ್ಕೋಕೆ ಸೊಂಟ ಇಲ್ವಾ ನಿಂಗೆ?" ಎಂದು ಕಿರುಚಿಬಿಟ್ಟೆ. ಪಾಪ, ಅತ್ತಳು. ಆಮೇಲೆ ಮೂಗೊರೆಸಿಕೊಂಡು, "ತಾತ ಹಾಗೆ ಮಾಡೇ ಅಮ್ಮನ ಕಾಲು ಕುಂಟಾಗಿದ್ದಾ?" ಎಂದು ಕೇಳಿದಳು. ನಾನು ಗುಂಡು ಹೆಕ್ಕುತ್ತಾ ಕೂತೆ.

ರೈಫಲ್ ಕೊಡಲೋ ಬೇಡವೋ, ನೀನೇ ಹೇಳು. ಈ ಚಳಿ ನಿನ್ನ ಮಂಡಿಗೆ ಕಾಟ ಕೊಡದಿರಲಿ. ದೇವರು ನಿಮ್ಮನ್ನೆಲ್ಲ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ವರ್ನಾ

ತಾ.ಕ.: ಅಂದು ರೈಫಲ್ ಇದ್ದದ್ದು ನನ್ನ ಕೈಯಲ್ಲಿ, ಅಪ್ಪನ ಕೈಯಲ್ಲಲ್ಲ. ನೀನು ಅತ್ತ ತಿರುಗಿ ಜೀನು ಬಿಚ್ಚುತ್ತಿದ್ದೆ. ಗುಂಡುಗಳನ್ನು ಹಿಮದಿಂದ ಹೆಕ್ಕಲು ಸೋಮಾರಿತನವಾಗಿ, ಉಣ್ಣೆಯ ಕೈಗವಸಿನಲ್ಲೇ ಹ್ಯಾಮರ್ ಇಳಿಸಲು ಹೋದೆ, ಜಾರಿತು, ಗುಂಡು ಹಾರಿತು. ಅಪ್ಪ ಓಡಿಬಂದು ರೈಫಲ್ ಕಿತ್ತುಕೊಂಡು, "ನಾನು ಮಾಡಿದ್ದು. ತಿಳೀತಾ? ನೀನು ಬಾಯಿ ಬಿಡಬೇಡ" ಅಂದ. ನನಗಾಗ ಹದಿನಾರು. ನೀನು ಇಪ್ಪತ್ತು ವರ್ಷ ಅವನ ಜೊತೆ ಮಾತು ಬಿಟ್ಟೆ, ಮಣ್ಣಿಗೂ ಬರಲಿಲ್ಲ. ಕೊನೆಯ ದಿನ ಅವನು ನೀನು ಬರುತ್ತೀಯೆಂದು ಬಾಗಿಲನ್ನೇ ನೋಡುತ್ತಿದ್ದ. ನಾನು ಪಕ್ಕದಲ್ಲೇ ಕೂತಿದ್ದೆ, ಆಗಲೂ ಬಾಯಿ ಬಿಡಲಿಲ್ಲ.