ವಾಸನೆ ಇಲ್ಲದ ಹೂವು

ಮಾರ್ಚ್ 3, ಸೋಮವಾರ
ಚರಂಡಿ ಕೆಲಸ ಮುಗಿಯಿತು. ಅದರ ಅಗೆತಕ್ಕೆ ಸಿಕ್ಕಿ ಅಂಗಳದ ಗಿಡಗಳೂ ಮುಗಿದವು. ಹರಿಹರದ ನರ್ಸರಿಯ ಫಜಲುಲ್ಲಾ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದಾರೆ. ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಹೂ ಬಿಡುವಂಥವೇ ಬೇಕು ಅಂದಿದ್ದೆ — ಚೆಂಡುಹೂವಿಗಾಗಿ ಪ್ರತಿ ಸಲ ಮಣ್ಣು ಕೆದಕುವ ವಯಸ್ಸಲ್ಲ ನನ್ನದು. ದುಂಡುಮಲ್ಲಿಗೆ, ಸುಗಂಧರಾಜ, ರಾತ್ರಿರಾಣಿ ಆರಿಸಿದೆ. ಬೇಸಿಗೆ ಸಂಜೆ ಅಂಗಳಕ್ಕಿಳಿದರೆ ಘಂ ಅನ್ನಬೇಕು. "ಕನಕಾಂಬರಾನೂ ಐತೆ ಅಕ್ಕಾರೆ" ಅಂದರು. ವಾಸನೆ ಇಲ್ಲದ್ದೂ ಒಂದು ಹೂವಾ?

ಮಾರ್ಚ್ 5, ಬುಧವಾರ
ಸೊಸೆ ಕೀರ್ತನಾ ಇವತ್ತೂ ಹಾಗೇ. ಸಂಜೆ ಮಲ್ಲಿಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡು ಮುಡಿದಳು, ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಬಂದಾಗ ತಲೆಯಲ್ಲಿ ಹೂವಿಲ್ಲ, ಕಣ್ಣು ಕೆಂಪು. ಕೇಳಿದರೆ "ಏನಿಲ್ಲ ಅತ್ತೆ, ನೆಗಡಿ." ಈ ಬಿಸಿಲಿಗೆ ಎಂಥ ನೆಗಡಿ! ನನ್ನ ಕೈಯ ಹೂವು ಬೇಡವಾಗಿದೆ, ಅಷ್ಟೆ. ಹೆಣ್ಣುಮಕ್ಕಳಿಲ್ಲದ ಮನೆ ಇದು... ಎಷ್ಟು ಆಸೆ ಇಟ್ಟುಕೊಂಡಿದ್ದೆ.

ಮಾರ್ಚ್ 10, ಸೋಮವಾರ
ಕೀರ್ತನಾ ತವರಿಗೆ ಹೋದಳು, ಕೊಂಡಜ್ಜಿಗೆ. ಬಸ್ಸಿಗೆ ಬಿಟ್ಟು ಬಂದ ಮಗ ಪರಶುರಾಮ ಶೂ ಬಿಚ್ಚುತ್ತಾ ಅಂದ — "ಬ್ಯಾರೆ ಮನೆ ನೋಡ್ತಾ ಇದೀನಿ ಅವ್ವಾ. ಅವಳಿಗೆ ಇಲ್ಲಿ ಆಗ್ತಿಲ್ಲ."
"ಏನಾಗ್ತಿಲ್ಲ?"
"ಹೇಳಬ್ಯಾಡ ಅಂದಾಳೆ."


ಮಾರ್ಚ್ 16, ಭಾನುವಾರ. ಮಧ್ಯಾಹ್ನ
ತಡೆಯಲಾಗದೆ ಕೊಂಡಜ್ಜಿಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ. ಕೀರ್ತನಾ ಕೈ ಚಾಚಿದಳು. ಅವಳಮ್ಮ ನಡುವೆ ಬಂದು ಹೂವನ್ನು ಕಿತ್ತುಕೊಂಡೇಬಿಟ್ಟರು.
"ತಪ್ಪು ತಿಳೀಬ್ಯಾಡ್ರಿ ಅಕ್ಕಾರೆ. ಮಲ್ಲಿಗೆ ವಾಸನೆಗೆ ಇವಳಿಗೆ ಉಬ್ಬಸ, ಚಿಕ್ಕೋಳಿದ್ದಾಗಿಂದ್ಲೂ. ಅತ್ತೆ ಕೊಟ್ಟ ಹೂ ಬ್ಯಾಡ ಅನ್ನಬಾರ್ದು, ಮುತ್ತೈದೆಗೆ ಒಳ್ಳೇದಲ್ಲ ಅಂತ ನಾನೇ ಹೇಳಿ ಕಳ್ಸಿದ್ದೆ. ಈ ಹುಚ್ಚಿ ದಿನಾ ಮುಡಕಂಡು, ಮ್ಯಾಲೆ ಹೋಗಿ ಇನ್‌ಹೇಲರ್ ಎಳಕಂಡೈತೆ."
ದಿನಾ. ಕೊಟ್ಟಿದ್ದು ನಾನೇ.
"ಬಾಯಿ ಇರ್ಲಿಲ್ಲೇನೇ ನಿಂಗೆ?" ರೇಗಿಯೇ ಕೇಳಿದೆ.
"ನೀವು ಅಷ್ಟು ಪ್ರೀತಿಯಿಂದ ಕೊಡ್ತಿದ್ರಿ ಅತ್ತೆ..."
ವಾಪಸ್ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತೆ.

ಅದೇ ದಿನ, ಸಂಜೆ
ಫಜಲುಲ್ಲಾಗೆ ಫೋನ್. ಆರ್ಡರ್ ಪೂರ್ತಿ ಬದಲು. ದಾಸವಾಳ, ಕಾಗದದ ಹೂವು, ಕನಕಾಂಬರ. ಅವರಿಗೆ ನಗು. "ನಕ್ಕಿದ್ದು ಸಾಕು, ಕಳಿಸ್ರಿ" ಅಂದೆ.

ಮಾರ್ಚ್ 31, ಸೋಮವಾರ
ಗಿಡ ಬಂದು, ನೆಟ್ಟು, ವಾರವಾಯಿತು. ಕೀರ್ತನಾ ನಿನ್ನೆ ಯುಗಾದಿಗೂ ಬರಲಿಲ್ಲ. "ಫೋನ್ ಮಾಡಿ ಕರಿ ಅವ್ವಾ, ಬರ್ತಾಳೆ" ಅಂತಾನೆ ಪರಶುರಾಮ. ಬರುತ್ತಾಳೆ, ಗೊತ್ತು. ಬೇಡ ಅನ್ನಲು ಬಾರದ ಹುಡುಗಿ. ಉಸಿರು ಕಟ್ಟಿದರೂ ಬರುತ್ತಾಳೆ. ಅದಕ್ಕೇ ಕರೆಯಲಿಲ್ಲ.

ಏಪ್ರಿಲ್ 11, ಶುಕ್ರವಾರ. ಬೆಳಿಗ್ಗೆ
ಗೇಟು ಸದ್ದಾಯಿತು. ಹಾಲಿನವನು ಅಂದುಕೊಂಡೆ. ಕೀರ್ತನಾ! ಒಬ್ಬಳೇ, ಹೆಗಲಿಗೆ ಬ್ಯಾಗು. ಒಳಗೆ ಬರಲಿಲ್ಲ, ಒಂದೊಂದೇ ಗಿಡ ನೋಡುತ್ತಾ ಬಂದಳು. ಮೆಟ್ಟಿಲ ಪಕ್ಕದ ಕಾಗದದ ಹೂವಿನ ಹತ್ತಿರ ನಿಂತು ಮುಖ ಸಿಂಡರಿಸಿದಳು.
"ಅತ್ತೆ, ಇದು ಇಲ್ಲಿ ಬ್ಯಾಡ. ಮುಳ್ಳು ಸೀರೆಗೆ ಸಿಗಾಕ್ಕಂತೈತೆ. ಕಾಂಪೌಂಡ್ ಕಡೆ ಹಾಕಾನ."
ಬ್ಯಾಡ ಅಂದಳು. ನನಗೆ!
"ಮೊದ್ಲು ಚಾ ಕುಡಿ ಬಾರೆ."
"ಚಾನೂ ಬ್ಯಾಡ. ಗುದ್ದಲಿ ಎಲ್ಲೈತೆ?"
ಒಳಗೆ ಬಂದು ಕಣ್ಣೊರೆಸಿಕೊಂಡೆ. ಅವಸರದಲ್ಲೇ ಇಷ್ಟು ಬರೆಯುತ್ತಿದ್ದೇನೆ. ಕರೆಯುತ್ತಿದ್ದಾಳೆ, ಗಿಡ ಹಿಡಿದುಕೊಳ್ಳಬೇಕಂತೆ —